ವಿಕಿರಣಕ್ಕೆ ಒಳಗಾದ ಚರ್ಮದಲ್ಲಿ ಕಿಣ್ವಗಳ ಚಟುವಟಿಕೆಯನ್ನು ಅಳೆಯುವ ಕ್ರಮ

ಜೀವರಸಾಯನಶಾಸ್ತ್ರ ಮತ್ತು ವಿಕಿರಣ ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಯೋಜನಾ ಪ್ರಬಂಧಕ್ಕೆ ಆರಿಸಿಕೊಳ್ಳುವ ವಿಷಯಗಳಲ್ಲಿ ವಿಕಿರಣಕ್ಕೂ ಚರ್ಮದ ಕಿಣ್ವಗಳಿಗೂ ಇರುವ ಸಂಬಂಧ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇಲಿಯ ಬೆನ್ನಿನ ಚರ್ಮಕ್ಕೆ ಗಾಮಾ ಕಿರಣವನ್ನೋ ಅತಿನೇರಳೆ ಕಿರಣವನ್ನೋ ಹಾಯಿಸಿ, ಕೆಲವು ಗಂಟೆ ಅಥವಾ ಕೆಲವು ದಿನಗಳ ಬಳಿಕ ಆ ಚರ್ಮವನ್ನು ಅರೆದು, ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್, ಸೂಪರಾಕ್ಸೈಡನ್ನು ಇಲ್ಲವಾಗಿಸುವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ನಂತಹ ಕಿಣ್ವಗಳ ಚಟುವಟಿಕೆ ಹೆಚ್ಚಿದೆಯೋ ಕುಗ್ಗಿದೆಯೋ ಎಂದು ನೋಡುವುದು ವಾಡಿಕೆ. ಅಳತೆ ಮಾಡುವುದು ಕಷ್ಟದ ಕೆಲಸವಲ್ಲ. ಕೈಗೆ ಬಂದ ಅಂಕಿ ಕಿಣ್ವದ ಬಗ್ಗೆ ಹೇಳುತ್ತಿದೆಯೋ, ಊದಿಕೊಂಡ ಚರ್ಮದ ನೀರಿನ ಬಗ್ಗೆ ಹೇಳುತ್ತಿದೆಯೋ, ಅಥವಾ ರಕ್ತನಾಳಗಳಲ್ಲಿ ತುಂಬಿಕೊಂಡ ರಕ್ತದ ಬಗ್ಗೆ ಹೇಳುತ್ತಿದೆಯೋ ಎಂಬುದನ್ನು ಬಿಡಿಸಿ ತಿಳಿಯುವುದೇ ಕಷ್ಟ. ಈ ಮಾರ್ಗದರ್ಶಿಯಲ್ಲಿ ಕ್ಯಾಟಲೇಸನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಇಡೀ ಪ್ರಯೋಗವನ್ನು ಆ ಗೊಂದಲಕ್ಕೆ ಎಡೆಯಿಲ್ಲದಂತೆ ಹೇಗೆ ಕಟ್ಟಬೇಕೆಂಬುದನ್ನು ವಿವರಿಸಿದ್ದೇನೆ.

ಮೊದಲು ಒಂದು ಲೆಕ್ಕ

ಪ್ರಯೋಗಾಲಯಕ್ಕೆ ಕಾಲಿಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕವನ್ನು ಮಾಡಿಕೊಳ್ಳಬೇಕು. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ. ಅಷ್ಟು ಶಕ್ತಿ ಪೂರ್ತಿಯಾಗಿ ಶಾಖವಾದರೂ ನೀರಿನ ಉಷ್ಣತೆ ಏರುವುದು ಸುಮಾರು 0.00024 ಡಿಗ್ರಿ ಸೆಲ್ಸಿಯಸ್ ಮಾತ್ರ. ಆದ್ದರಿಂದ ವಿಕಿರಣದ ಬಿಸಿಗೆ ಕಿಣ್ವ ಕೆಡುತ್ತದೆಂಬ ಊಹೆಯನ್ನು ಕೈಬಿಡಬಹುದು. ಅಯಾನೀಕರಿಸುವ ವಿಕಿರಣ ಅಂಗಾಂಶದಲ್ಲಿ ಕೆಲಸ ಮಾಡುವುದು ಬಹುಮಟ್ಟಿಗೆ ನೀರನ್ನು ಒಡೆದು, ಸಿಕ್ಕ ಅಣುವಿನೊಂದಿಗೆ ಕೂಡಲೇ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುವ ಮೂಲಕ. ಗಾಮಾ ಕಿರಣದ ವಿಷಯದಲ್ಲಿ ಹೀರಿಕೆಯಾದ ಪ್ರತಿ ಜೌಲ್ ಶಕ್ತಿಗೆ ಸುಮಾರು 0.28 ಮೈಕ್ರೋಮೋಲ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅಂದರೆ 10 ಗ್ರೇ ಕೊಟ್ಟಾಗ ಒಂದು ಲೀಟರ್ ನೀರಿನಲ್ಲಿ ಹುಟ್ಟುವುದು ಸುಮಾರು 2.8 ಮೈಕ್ರೋಮೋಲ್. ಜೀವಕೋಶದ ಒಳಗಿನ ಪ್ರೋಟೀನ್ ಲೀಟರಿಗೆ ಸುಮಾರು 200 ಗ್ರಾಂ ಎಂದೂ, ಒಂದು ಪ್ರೋಟೀನಿನ ಸರಾಸರಿ ಅಣುತೂಕ 50,000 ಎಂದೂ ಹಿಡಿದರೆ, ಪ್ರೋಟೀನ್ ಅಣುಗಳ ಸಾಂದ್ರತೆ ಸುಮಾರು 4,000 ಮೈಕ್ರೋಮೋಲಾರ್ ಆಗುತ್ತದೆ. ಹುಟ್ಟಿದ ರ‍್ಯಾಡಿಕಲ್‌ಗಳೆಲ್ಲವೂ ಪ್ರೋಟೀನಿಗೇ ಹೋಗಿ ತಗುಲಿದರೂ ಸಾವಿರಕ್ಕೆ ಒಂದು ಅಣುವಿಗಿಂತ ಕಡಿಮೆ ಹಾನಿಗೊಳಗಾಗುತ್ತದೆ. ವಾಸ್ತವದಲ್ಲಿ ಗ್ಲುಟಾಥಯೋನ್, ಡಿಎನ್‌ಎ, ಸಕ್ಕರೆಗಳು ಮತ್ತು ಕೊಬ್ಬಿನ ಪೊರೆಗಳು ಅವುಗಳ ಬಹುಪಾಲನ್ನು ತಮ್ಮತ್ತ ಸೆಳೆದುಕೊಳ್ಳುತ್ತವೆ.

ಚಿಕಿತ್ಸೆಯಲ್ಲಿ ಬಳಸುವ ಡೋಸ್‌ಗಳಲ್ಲಿ ವಿಕಿರಣವು ಚರ್ಮದ ಕಿಣ್ವದ ಅಣುಗಳನ್ನು ನೇರವಾಗಿ ನಾಶಮಾಡಿ ಅವುಗಳ ಚಟುವಟಿಕೆಯನ್ನು ಕಾಣುವಷ್ಟು ಕುಗ್ಗಿಸಲಾರದು ಎಂಬುದು ಈ ಲೆಕ್ಕದಿಂದ ಹೊರಡುವ ನಿರ್ಣಯ. ಅಳತೆಯಲ್ಲಿ ಬದಲಾವಣೆ ಕಂಡರೆ ಅದಕ್ಕೆ ಕಾರಣಗಳನ್ನು ಬೇರೆಡೆ ಹುಡುಕಬೇಕು. ಜೀವಕೋಶ ಆ ಕಿಣ್ವವನ್ನು ಹೊಸದಾಗಿ ತಯಾರಿಸುವ ವೇಗ ಬದಲಾಗಿರಬಹುದು, ಉರಿಯೂತದಲ್ಲಿ ಹುಟ್ಟುವ ರಾಸಾಯನಿಕಗಳು ಅದನ್ನು ಮಾರ್ಪಡಿಸಿರಬಹುದು, ಆ ಕಿಣ್ವವನ್ನು ಹೊತ್ತಿದ್ದ ಜೀವಕೋಶಗಳು ಸತ್ತಿರಬಹುದು, ಇಲ್ಲವೇ ಬೇರೆ ಜೀವಕೋಶಗಳು ಹೊರಗಿನಿಂದ ಬಂದು ಸೇರಿರಬಹುದು. 1940ರ ದಶಕದಲ್ಲಿ ಇಂಗ್ಲೆಂಡಿನ ಡೇಲ್ ಅವರು ಶುದ್ಧ ಕಿಣ್ವಗಳ ದ್ರಾವಣಕ್ಕೆ ಎಕ್ಸ್-ಕಿರಣ ಹಾಯಿಸಿ ತೋರಿಸಿದ ಸಂಗತಿಯೂ ಇದಕ್ಕೆ ಹೊಂದುತ್ತದೆ: ದ್ರಾವಣ ತೆಳುವಾದಷ್ಟೂ ಒಂದೇ ಡೋಸಿಗೆ ನಾಶವಾಗುವ ಕಿಣ್ವದ ಪಾಲು ಹೆಚ್ಚುತ್ತಿತ್ತು, ಬೇರೆ ವಸ್ತುವನ್ನು ಬೆರೆಸಿದರೆ ಕಿಣ್ವಕ್ಕೆ ರಕ್ಷಣೆ ಸಿಗುತ್ತಿತ್ತು. ಆದಕಾರಣ ಕಂಪನಿಯಿಂದ ತರಿಸಿದ ಶುದ್ಧ ಕ್ಯಾಟಲೇಸನ್ನು ತೆಳುವಾಗಿ ಕರಗಿಸಿ, ಅದಕ್ಕೆ ಗಾಮಾ ಕಿರಣ ಕೊಟ್ಟು, ಬಂದ ಫಲಿತಾಂಶವನ್ನು ಚರ್ಮಕ್ಕೆ ಅನ್ವಯಿಸುವುದು ಸರಿಯಲ್ಲ.

ಅತಿನೇರಳೆ ಕಿರಣದ ವಿಷಯ ಸ್ವಲ್ಪ ಬೇರೆ. ಈ ಬೆಳಕನ್ನು ಪ್ರೋಟೀನಿನಲ್ಲಿರುವ ಅಮೈನೋ ಆಮ್ಲಗಳಾದ ಟ್ರಿಪ್ಟೊಫಾನ್, ಟೈರೋಸಿನ್‌ಗಳೂ ಕ್ಯಾಟಲೇಸಿನಲ್ಲಿ ಕಬ್ಬಿಣವನ್ನು ಹಿಡಿದಿರುವ ಹೀಮ್ ಗುಂಪೂ ನೇರವಾಗಿ ಹೀರಿಕೊಳ್ಳುತ್ತವೆ. ಆದ್ದರಿಂದ ಚರ್ಮದ ಮೇಲ್ಪದರದಲ್ಲಿ ಕಿಣ್ವಕ್ಕೆ ನೇರ ಪೆಟ್ಟು ಬೀಳುವ ಸಾಧ್ಯತೆ ಇಲ್ಲಿ ನಿಜವಾಗಿಯೂ ಇದೆ. ಇಲಿಯ ಚರ್ಮದ ಮೇಲೆ ನಡೆದ ಕೆಲಸಗಳಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ಗಿಂತ ಕ್ಯಾಟಲೇಸ್ ಅತಿನೇರಳೆ ಕಿರಣಕ್ಕೆ ಬೇಗ ಕುಗ್ಗುವುದು ಕಂಡುಬಂದಿರುವುದಕ್ಕೆ ಇದೂ ಒಂದು ಕಾರಣ. ಎರಡು ಬಗೆಯ ವಿಕಿರಣಗಳನ್ನು ಒಂದೇ ಪ್ರಬಂಧದಲ್ಲಿ ಬೆರೆಸಿ ಚರ್ಚಿಸುವವರು ಈ ವ್ಯತ್ಯಾಸವನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

ಡೋಸ್ ನಿಜವಾಗಿಯೂ ಚರ್ಮವನ್ನು ತಲುಪುವಂತೆ ಮಾಡುವುದು

ಕೋಬಾಲ್ಟ್-60ರ ಗಾಮಾ ಕಿರಣದ ಸರಾಸರಿ ಶಕ್ತಿ 1.25 ಮೆಗಾ ಎಲೆಕ್ಟ್ರಾನ್ ವೋಲ್ಟ್. ಈ ಕಿರಣ ದೇಹವನ್ನು ಹೊಕ್ಕಾಗ ಅತಿ ಹೆಚ್ಚಿನ ಡೋಸ್ ಬೀಳುವುದು ಮೇಲ್ಮೈಯಲ್ಲಲ್ಲ, ಸುಮಾರು 5 ಮಿಲಿಮೀಟರ್ ಆಳದಲ್ಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ಚರ್ಮವನ್ನು ಉಳಿಸುವ ವರದಾನ. ಚರ್ಮವನ್ನೇ ಅಧ್ಯಯನ ಮಾಡುವವರಿಗೆ ಮಾತ್ರ ತೊಡಕು. ಇಲಿಯ ಚರ್ಮ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲವಾದ್ದರಿಂದ, ಅದರ ಮೇಲೆ 5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯನ್ನೋ ಮೇಣದ ಪದರವನ್ನೋ ತಗುಲಿಸಿ ಇಡದಿದ್ದರೆ ಯಂತ್ರದ ಲೆಕ್ಕದ ಡೋಸ್ ಚರ್ಮಕ್ಕೆ ದಕ್ಕಿರುವುದಿಲ್ಲ. ಆಸ್ಪತ್ರೆಯ 6 ಮೆಗಾವೋಲ್ಟ್ ಲೀನಿಯರ್ ಆಕ್ಸಲರೇಟರ್ ಬಳಸಿದರೆ ಆ ಆಳ ಸುಮಾರು 15 ಮಿಲಿಮೀಟರ್ ಆಗುವುದರಿಂದ ಪದರವೂ ಅಷ್ಟು ದಪ್ಪವಾಗಬೇಕು. ನೂರರಿಂದ ಇನ್ನೂರೈವತ್ತು ಕಿಲೋವೋಲ್ಟ್‌ನ ಎಕ್ಸ್-ಕಿರಣ ಯಂತ್ರ ಸಿಕ್ಕರೆ ಈ ತೊಡಕಿಲ್ಲ. ಚರ್ಮದ ಕೆಲಸಕ್ಕೆ ನಾನು ಮೊದಲು ಸೂಚಿಸುವುದು ಅದನ್ನೇ.

ಇಡೀ ಇಲಿಗೆ ವಿಕಿರಣ ಕೊಡಬಾರದು. ಇಡೀ ದೇಹಕ್ಕೆ 6ರಿಂದ 9 ಗ್ರೇ ಬಿದ್ದರೆ, ತಳಿಯನ್ನು ಅನುಸರಿಸಿ, ಅರ್ಧದಷ್ಟು ಇಲಿಗಳು ತಿಂಗಳೊಳಗೆ ಮೂಳೆಮಜ್ಜೆ ಕೆಟ್ಟು ಸಾಯುತ್ತವೆ. ಉಳಿದವು ಮೇವು ಬಿಟ್ಟು, ಸೋಂಕು ತಗುಲಿಸಿಕೊಂಡು ಸೊರಗುತ್ತವೆ. ಅಂತಹ ಪ್ರಾಣಿಯ ಚರ್ಮದಲ್ಲಿ ಕಾಣುವ ಕಿಣ್ವದ ಬದಲಾವಣೆ ಹಸಿವಿನದೂ ಆಗಿರಬಹುದು. ಅರಿವಳಿಕೆ ಕೊಟ್ಟ ಇಲಿಯ ಬೆನ್ನಿನ ಸಡಿಲ ಚರ್ಮವನ್ನು ಮಡಿಕೆಯಾಗಿ ಎಳೆದು, ಸೀಸದ ಹಲಗೆಯ ಕಿಂಡಿಯಿಂದ ಹೊರತಂದು, ಆ ಮಡಿಕೆಗೆ ಮಾತ್ರ ವಿಕಿರಣ ಕೊಡುವುದು ಸರಿಯಾದ ಕ್ರಮ. ಸಂಶೋಧನಾ ಸಂಸ್ಥೆಗಳಲ್ಲಿರುವ ಗಾಮಾ ಚೇಂಬರ್‌ಗಳಲ್ಲಿ ಕಿರಣ ಸುತ್ತಲಿಂದಲೂ ಬರುವುದರಿಂದ ಅವು ಜೀವಕೋಶ ಸಂವರ್ಧನೆಗೆ ಅನುಕೂಲವೇ ಹೊರತು ಈ ಕೆಲಸಕ್ಕಲ್ಲ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಕೇಂದ್ರದ 8 ಮೆಗಾ ಎಲೆಕ್ಟ್ರಾನ್ ವೋಲ್ಟ್ ಎಲೆಕ್ಟ್ರಾನ್ ಕಿರಣವನ್ನು ಜೀವಶಾಸ್ತ್ರದ ಪ್ರಯೋಗಗಳಿಗೂ ಬಳಸಲಾಗಿದೆ. ಆದರೆ ಆ ಶಕ್ತಿಯ ಎಲೆಕ್ಟ್ರಾನ್‌ಗಳು ಇಲಿಯ ದೇಹವನ್ನು ದಾಟಿ ಹೋಗುವಷ್ಟು ಆಳಕ್ಕೆ ಇಳಿಯುವುದರಿಂದ ಅಲ್ಲಿಯೂ ಮಡಿಕೆಯ ಕ್ರಮವೇ ಬೇಕು.

ಇಲಿಯನ್ನು ಬೆಚ್ಚಗಿಡುವುದನ್ನು ಮರೆಯಬಾರದು. ಅರಿವಳಿಕೆಯಲ್ಲಿ ದೇಹ ತಣ್ಣಗಾದರೆ ಚರ್ಮದ ರಕ್ತಸಂಚಾರ ಇಳಿದು ಆಮ್ಲಜನಕ ಕಡಿಮೆಯಾಗುತ್ತದೆ. ಆಮ್ಲಜನಕವಿಲ್ಲದ ಜೀವಕೋಶಗಳಲ್ಲಿ ಅದೇ ಪರಿಣಾಮ ಕಾಣಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ. ಮಡಿಕೆಯನ್ನು ಬಿಗಿಯಾಗಿ ಎಳೆದು ರಕ್ತ ನಿಲ್ಲಿಸಿದರೂ ಇದೇ ಆಗುತ್ತದೆ.

ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ತಿಂಗಳಿಗೆ ಸುಮಾರು 1.1 ಶೇಕಡಾದಂತೆ ಡೋಸ್ ದರ ಇಳಿಯುವುದರಿಂದ ಹಳೆಯ ಪ್ರಮಾಣಪತ್ರದ ದರವನ್ನು ಹಾಗೆಯೇ ಬಳಸಬಾರದು. ಅತಿನೇರಳೆ ದೀಪಗಳಲ್ಲಿ ಕೆಲವು 280 ನ್ಯಾನೋಮೀಟರ್‌ಗಿಂತ ಕೆಳಗಿನ ಯುವಿ-ಸಿ ಕಿರಣವನ್ನೂ ಸೂಸುತ್ತವೆ. ಸೂರ್ಯನ ಆ ಕಿರಣ ನೆಲವನ್ನು ತಲುಪುವುದಿಲ್ಲವಾದ್ದರಿಂದ ಸೆಲ್ಯುಲೋಸ್ ಅಸಿಟೇಟ್ ಹಾಳೆಯಿಂದ ಅದನ್ನು ಸೋಸಬೇಕು, ಮತ್ತು ಬಳಸುತ್ತ ಬಳಸುತ್ತ ಮಬ್ಬಾಗುವ ಆ ಹಾಳೆಯನ್ನು ಆಗಾಗ ಬದಲಿಸಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ, ಎದೆಯ ಮೇಲೆ, ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇವಿಲ್ಲದೆ ಯಾವುದೂ ಆರಂಭವಾಗಕೂಡದು.

ರೋಮ, ವಯಸ್ಸು, ಹೊತ್ತು

ಇಲಿಯ ಚರ್ಮ ಎಲ್ಲ ಕಾಲದಲ್ಲೂ ಒಂದೇ ಅಲ್ಲ. ರೋಮ ಬೆಳೆಯುವ ಹಂತದಲ್ಲಿ ಚರ್ಮ ದಪ್ಪವಾಗಿ, ಜೀವಕೋಶಗಳ ವಿಭಜನೆ ಹೆಚ್ಚಿ, ಕಿಣ್ವಗಳ ಮಟ್ಟವೂ ಬದಲಾಗಿರುತ್ತದೆ. ಏಳರಿಂದ ಒಂಬತ್ತು ವಾರದ ಇಲಿಗಳಲ್ಲಿ ರೋಮ ವಿಶ್ರಾಂತ ಹಂತದಲ್ಲಿರುವುದರಿಂದ ಆ ವಯಸ್ಸನ್ನೇ ಆರಿಸಬೇಕು. ಕಪ್ಪು ರೋಮದ ಸಿ57 ತಳಿಯಲ್ಲಿ ಇದನ್ನು ಕಣ್ಣಿನಿಂದಲೇ ನೋಡಬಹುದು: ವಿಶ್ರಾಂತ ಹಂತದ ಚರ್ಮ ನಸುಗೆಂಪಾಗಿರುತ್ತದೆ, ಬೆಳವಣಿಗೆಯ ಹಂತದ್ದು ಬೂದು ಅಥವಾ ಕಪ್ಪಾಗಿರುತ್ತದೆ. ಬಿಳಿ ತಳಿಗಳಲ್ಲಿ ಈ ಅನುಕೂಲವಿಲ್ಲ. ರೋಮವನ್ನು ಕಿತ್ತರೆ ಹೊಸ ಬೆಳವಣಿಗೆಯ ಹಂತ ಆರಂಭವಾಗುತ್ತದೆ, ರೋಮನಾಶಕ ಕ್ರೀಮ್ ಹಚ್ಚಿದರೆ ಅದರಿಂದಲೇ ಉರಿಯೂತ ಬರುತ್ತದೆ. ಆದ್ದರಿಂದ ಒಂದು ದಿನ ಮೊದಲೇ ಕತ್ತರಿ ಯಂತ್ರದಿಂದ ಕತ್ತರಿಸಿ ಬಿಡುವುದು ಸುರಕ್ಷಿತ. ಹೋಲಿಕೆಗಾಗಿ ಇಡುವ ನಿಯಂತ್ರಣ ಗುಂಪು ಹೆಸರಿಗೆ ಮಾತ್ರ ಇದ್ದರೆ ಸಾಲದು: ಅದೇ ಅರಿವಳಿಕೆ, ಅದೇ ಕಿಂಡಿ, ಅದೇ ಅವಧಿ, ಕಿರಣ ಮಾತ್ರ ಇಲ್ಲ ಎಂಬಂತೆ ಆ ಗುಂಪನ್ನು ನಡೆಸಿಕೊಳ್ಳಬೇಕು. ಚರ್ಮದ ಕಿಣ್ವಗಳಲ್ಲಿ ಹಗಲು-ರಾತ್ರಿಯ ಏರಿಳಿತವೂ ಇರುವುದರಿಂದ ಎಲ್ಲ ಮಾದರಿಗಳನ್ನು ದಿನದ ಒಂದೇ ಹೊತ್ತಿನಲ್ಲಿ ತೆಗೆಯಬೇಕು.

ಯಾವ ಕಾಲದಲ್ಲಿ ಅಳೆಯುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಡಿಎನ್‌ಎ ಒಡೆದ ಕೆಲವೇ ನಿಮಿಷಗಳಲ್ಲಿ ಪಾರ್ಪ್ ಎಂಬ ದುರಸ್ತಿಯ ಕಿಣ್ವ ಚುರುಕಾಗುತ್ತದೆ. ಇಲ್ಲಿ ಹೊಸ ಪ್ರೋಟೀನ್ ಬೇಕಿಲ್ಲ. ಹಲವು ಗಂಟೆಗಳಲ್ಲಿ ಜೀನ್‌ಗಳು ಎಚ್ಚೆತ್ತು ಕೊಲಾಜನ್ ಒಡೆಯುವ ಮೆಟಲೋಪ್ರೋಟಿನೇಸ್‌ಗಳು ಹೆಚ್ಚುತ್ತವೆ. ಮುಂದಿನ ದಿನಗಳಲ್ಲಿ ಮೈಟೊಕಾಂಡ್ರಿಯದ ಮ್ಯಾಂಗನೀಸ್ ಡಿಸ್ಮ್ಯುಟೇಸ್ ಏರಬಹುದು. ಸುಮಾರು ಒಂದು ವಾರದ ಬಳಿಕ ತಳಪದರದ ಜೀವಕೋಶಗಳ ಕೊರತೆ ಮೇಲಕ್ಕೆ ಕಾಣಿಸಿಕೊಂಡು, ಹೆಚ್ಚಿನ ಡೋಸ್‌ಗಳಲ್ಲಿ ಎರಡು-ಮೂರನೆಯ ವಾರದಲ್ಲಿ ಚರ್ಮ ಸುಲಿಯುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾತ್ರ ಅಳೆದು 'ವಿಕಿರಣದಿಂದ ಈ ಕಿಣ್ವ ಕುಗ್ಗುತ್ತದೆ' ಎಂದು ಬರೆದರೆ ಆ ವಾಕ್ಯ ಅಪೂರ್ಣ. ಒಂದು ಗಂಟೆ, ಒಂದು ದಿನ, ಒಂದು ವಾರ, ಮೂರು ವಾರ ಎಂಬ ನಾಲ್ಕು ಕಾಲಬಿಂದುಗಳಾದರೂ ಬೇಕು. ಪ್ರಾಣಿಗಳ ಸಂಖ್ಯೆ ಸೀಮಿತವಾಗಿದ್ದರೆ ಡೋಸ್‌ಗಳನ್ನು ಕಡಿಮೆ ಮಾಡಿಯಾದರೂ ಕಾಲಬಿಂದುಗಳನ್ನು ಉಳಿಸಿಕೊಳ್ಳಿ ಎಂಬುದೇ ನನ್ನ ಸಲಹೆ.

ಚರ್ಮವನ್ನು ತೆಗೆಯುವುದು ಮತ್ತು ಅರೆಯುವುದು

ಕೆಂಪು ರಕ್ತಕಣಗಳಲ್ಲಿ ಕ್ಯಾಟಲೇಸ್ ಅಪಾರವಾಗಿದೆ. ವಿಕಿರಣದಿಂದ ಚರ್ಮ ಕೆಂಪಾಗುವುದೆಂದರೆ ಅಲ್ಲಿನ ನಾಳಗಳಲ್ಲಿ ರಕ್ತ ಹೆಚ್ಚುವುದೆಂದೇ ಅರ್ಥ. ಹಾಗಿರುವಾಗ ಚರ್ಮದ ಜೀವಕೋಶಗಳಲ್ಲಿ ಕ್ಯಾಟಲೇಸ್ ಕುಗ್ಗಿದ್ದರೂ ಒಟ್ಟು ಅಳತೆಯಲ್ಲಿ ಅದು ಏರಿದಂತೆ ತೋರಬಹುದು. ಇದನ್ನು ತಡೆಯಲು ಪ್ರಾಣಿಯನ್ನು ನೀತಿ ಸಮಿತಿ ಒಪ್ಪಿದ ಕ್ರಮದಲ್ಲಿ ಆಳವಾದ ಅರಿವಳಿಕೆಗೆ ಒಳಪಡಿಸಿ, ಹೃದಯದ ಮೂಲಕ ತಣ್ಣನೆಯ ಸಲೈನ್ ಹಾಯಿಸಿ ರಕ್ತವನ್ನು ತೊಳೆಯಬೇಕು. ಅದು ಸಾಧ್ಯವಾಗದಿದ್ದರೆ ಪ್ರತಿ ಹೋಮೋಜಿನೇಟ್‌ನಲ್ಲಿ, ಅಂದರೆ ಅರೆದ ಚರ್ಮದ ದ್ರವದಲ್ಲಿ, ಹಿಮೋಗ್ಲೋಬಿನ್ ಅಳೆದು, ಅದೇ ಪ್ರಾಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ನಿಗೆ ಎಷ್ಟು ಕ್ಯಾಟಲೇಸ್ ಇದೆಯೆಂದು ಕಂಡುಕೊಂಡು, ರಕ್ತದ ಪಾಲನ್ನು ಕಳೆಯಬೇಕು.

ತೆಗೆದ ಚರ್ಮದ ಒಳಮೈಗೆ ಅಂಟಿದ ಕೊಬ್ಬನ್ನು ಮಂಜುಗಡ್ಡೆಯ ಮೇಲಿಟ್ಟು ಕೆರೆದು, ಒಂದು ತುಂಡನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಫಾರ್ಮಲಿನ್‌ನಲ್ಲಿಟ್ಟು, ಉಳಿದುದನ್ನು ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಕೊಲಾಜನ್ ತುಂಬಿದ ಚರ್ಮ ಸಾಮಾನ್ಯ ಹೋಮೋಜಿನೈಸರ್‌ಗೆ ಬಗ್ಗುವುದಿಲ್ಲ. ಬಹಳ ಹೊತ್ತು ತಿರುಗಿಸಿದರೆ ಬಿಸಿಯೇರಿ ಕಿಣ್ವ ಕೆಡುತ್ತದೆ. ಹೆಪ್ಪುಗಟ್ಟಿದ ಚರ್ಮವನ್ನು ದ್ರವ ಸಾರಜನಕ ಸುರಿಯುತ್ತಲೇ ಕುಟ್ಟಾಣಿಯಲ್ಲಿ ಪುಡಿಮಾಡಿ, ಆ ಪುಡಿಯ ಒಂದು ಪಾಲಿಗೆ ಒಂಬತ್ತು ಪಾಲು 50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 7.0, ಸೇರಿಸುವುದು ಒಳ್ಳೆಯ ಫಲ ಕೊಡುತ್ತದೆ. ಕ್ಯಾಟಲೇಸ್ ಜೀವಕೋಶದೊಳಗೆ ಪೆರಾಕ್ಸಿಸೋಮ್ ಎಂಬ ಪೊರೆಯ ಚೀಲಗಳ ಒಳಗಿರುವುದರಿಂದ ಬಫರಿನಲ್ಲಿ ಪೊರೆಯನ್ನು ಕರಗಿಸುವ 0.1 ಶೇಕಡಾ ಟ್ರೈಟಾನ್ ಎಕ್ಸ್-100 ಇರಬೇಕು. ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿಟ್ಟ ಬಫರನ್ನು ಬಳಸಲೇಬಾರದು, ಏಕೆಂದರೆ ಅದು ಕ್ಯಾಟಲೇಸನ್ನು ತಡೆಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಜಿ ವೇಗೋತ್ಕರ್ಷದಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಚಿಕ್ಕ ಚಿಕ್ಕ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಹೊರಚರ್ಮವನ್ನು ಬೇರ್ಪಡಿಸಲು ಬಯಸುವವರು 60 ಡಿಗ್ರಿ ನೀರಿನಲ್ಲಿ ಅದ್ದುವ ಹಳೆಯ ಕ್ರಮವನ್ನು ಬಿಟ್ಟು, 4 ಡಿಗ್ರಿಯಲ್ಲಿ ಪದರಗಳನ್ನು ಬಿಡಿಸುವ ಡಿಸ್ಪೇಸ್ ಕಿಣ್ವವನ್ನು ಬಳಸಬೇಕು.

ಕ್ಯಾಟಲೇಸ್ ಅಳತೆ

ಕ್ಯಾಟಲೇಸ್ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವಾಗ 240 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಇಳಿಯುವುದನ್ನು ನೋಡುವುದೇ ಅತ್ಯಂತ ಸರಳ ವಿಧಾನ. 30 ಶೇಕಡಾ ಪೆರಾಕ್ಸೈಡ್ ಸುಮಾರು 9.8 ಮೋಲಾರ್ ಇರುತ್ತದೆ, ಅದರ 0.1 ಮಿಲಿಲೀಟರನ್ನು 100 ಮಿಲಿಲೀಟರ್ ಫಾಸ್ಫೇಟ್ ಬಫರಿಗೆ ಬೆರೆಸಿದರೆ ಸುಮಾರು 10 ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಬಾಟಲಿಯ ಮೇಲಿನ ಶೇಕಡಾವಾರನ್ನು ನಂಬದೆ, ಆ ದ್ರಾವಣದ ಹೀರಿಕೆ 0.43ರ ಆಸುಪಾಸಿನಲ್ಲಿದೆಯೇ ಎಂದು ಪ್ರತಿದಿನ ನೋಡಬೇಕು, ಏಕೆಂದರೆ ಪೆರಾಕ್ಸೈಡ್ ತಾನಾಗಿಯೇ ಒಡೆಯುತ್ತ ಹೋಗುತ್ತದೆ. ಕ್ವಾರ್ಟ್ಜ್ ಕ್ಯುವೆಟ್ ಕಡ್ಡಾಯ. ಗಾಜೂ ಸಾಮಾನ್ಯ ಪ್ಲಾಸ್ಟಿಕ್ಕೂ ಈ ತರಂಗಾಂತರವನ್ನು ತಾವೇ ಹೀರುತ್ತವೆ. 980 ಮೈಕ್ರೋಲೀಟರ್ ಪೆರಾಕ್ಸೈಡ್ ದ್ರಾವಣಕ್ಕೆ 20 ಮೈಕ್ರೋಲೀಟರ್ ಮಾದರಿ ಸೇರಿಸಿ, ಕಲಕಿ, ಮೊದಲ 30 ಸೆಕೆಂಡುಗಳ ಇಳಿಕೆಯನ್ನು ದಾಖಲಿಸಬೇಕು. ಅದಕ್ಕಿಂತ ಹೆಚ್ಚು ಹೊತ್ತು ನೋಡಿದರೆ ಪೆರಾಕ್ಸೈಡೇ ಕ್ಯಾಟಲೇಸನ್ನು ಕೆಡಿಸುವುದರಿಂದಲೂ, ಆಮ್ಲಜನಕದ ಗುಳ್ಳೆಗಳು ಏಳುವುದರಿಂದಲೂ ರೇಖೆ ಬಾಗುತ್ತದೆ.

ಒಂದು ಮಿಲಿಮೋಲಾರ್ ಪೆರಾಕ್ಸೈಡ್ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.0436 ಹೀರಿಕೆ ಕೊಡುತ್ತದೆ. ಹೀಗಾಗಿ ನಿಮಿಷಕ್ಕೆ 0.0436ರಷ್ಟು ಇಳಿದರೆ ಒಂದು ಮಿಲಿಲೀಟರ್‌ನಲ್ಲಿ ನಿಮಿಷಕ್ಕೆ 1 ಮೈಕ್ರೋಮೋಲ್ ಒಡೆದಂತಾಯಿತು. ಅದು 1 ಯೂನಿಟ್. ಮಾದರಿಯ ಪ್ರೋಟೀನ್ ಮಿಲಿಲೀಟರಿಗೆ 5 ಮಿಲಿಗ್ರಾಂ ಇದ್ದರೆ 20 ಮೈಕ್ರೋಲೀಟರ್‌ನಲ್ಲಿ 0.1 ಮಿಲಿಗ್ರಾಂ ಇರುತ್ತದೆ; ಉತ್ತರ ಮಿಲಿಗ್ರಾಂಗೆ 10 ಯೂನಿಟ್. ಮಾದರಿಯನ್ನು ಎರಡು ಪಟ್ಟು ತೆಳುಮಾಡಿದಾಗ ವೇಗ ಅರ್ಧವಾಗುತ್ತದೆಯೇ, ಅಜೈಡ್ ಹಾಕಿದಾಗ ಇಳಿಕೆ ನಿಲ್ಲುತ್ತದೆಯೇ ಎಂಬ ಎರಡು ಪರೀಕ್ಷೆಗಳನ್ನು ಪ್ರತಿ ಹೊಸ ಅಂಗಾಂಶಕ್ಕೂ ಮಾಡಬೇಕು.

ಯಾವುದನ್ನು ಯಾವುದರಿಂದ ಭಾಗಿಸುತ್ತೇವೆ

ಇಡೀ ಕೆಲಸ ಕುಸಿಯುವುದು ಸಾಮಾನ್ಯವಾಗಿ ಇಲ್ಲಿಯೇ. ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ 20 ಯೂನಿಟ್ ಕ್ಯಾಟಲೇಸ್, 2 ಮಿಲಿಗ್ರಾಂ ಕರಗುವ ಪ್ರೋಟೀನ್ ಇದೆ ಎಂದುಕೊಳ್ಳಿ. ಮಿಲಿಗ್ರಾಂಗೆ 10 ಯೂನಿಟ್ ಆಯಿತು. ವಿಕಿರಣದ ಬಳಿಕ ರಕ್ತನಾಳಗಳು ಸೋರಿ ಅಲ್ಬುಮಿನ್ ಮೊದಲಾದ ಪ್ಲಾಸ್ಮಾ ಪ್ರೋಟೀನ್‌ಗಳು ಅರ್ಧ ಮಿಲಿಗ್ರಾಂನಷ್ಟು ಬಂದು ಸೇರಿದರೆ, ಕ್ಯಾಟಲೇಸಿನ ಒಂದು ಅಣುವೂ ಕಡಿಮೆಯಾಗದಿದ್ದರೂ ಉತ್ತರ ಮಿಲಿಗ್ರಾಂಗೆ 8 ಯೂನಿಟ್ ಆಗುತ್ತದೆ. ಇಪ್ಪತ್ತು ಶೇಕಡಾ ಇಳಿಕೆ! ಹಸಿ ತೂಕದಿಂದ ಭಾಗಿಸಿದರೆ ಊತದ ನೀರು ಇದೇ ತಪ್ಪನ್ನು ಮಾಡಿಸುತ್ತದೆ. ಡಿಎನ್‌ಎಯಿಂದ ಭಾಗಿಸುವುದು ಉತ್ತಮವಾದರೂ, ಉರಿಯೂತದಲ್ಲಿ ಬಂದು ಸೇರುವ ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೂ ತಮ್ಮ ಕಿಣ್ವಗಳನ್ನೂ ಜೊತೆಗೆ ತರುತ್ತವೆ. ಹೀಗಾಗಿ ಪ್ರೋಟೀನ್ ಮತ್ತು ಡಿಎನ್‌ಎ ಎರಡರ ಲೆಕ್ಕದಲ್ಲೂ ಫಲಿತಾಂಶ ಕೊಟ್ಟು, ಸೂಕ್ಷ್ಮದರ್ಶಕದ ಚಿತ್ರವನ್ನು ಪಕ್ಕದಲ್ಲಿಡಬೇಕು. ಎರಡು ಲೆಕ್ಕಗಳು ಬೇರೆ ಬೇರೆ ದಿಕ್ಕು ತೋರಿದರೆ ಅದನ್ನು ಮುಚ್ಚಿಡದೆ ಹೇಳಬೇಕು. ಚರ್ಮದಲ್ಲಿ ಏನಾಗುತ್ತಿದೆ ಎಂಬುದರ ಸುಳಿವು ಬಹುತೇಕ ಆ ವ್ಯತ್ಯಾಸದಲ್ಲೇ ಇರುತ್ತದೆ.

ಇಳಿಕೆ ನಿಜವೆಂದು ಖಚಿತವಾದ ಮೇಲೆ, ಅಣುಗಳ ಸಂಖ್ಯೆ ಇಳಿಯಿತೋ ಇರುವ ಅಣುಗಳೇ ಕೆಟ್ಟವೋ ಎಂದು ಕೇಳಬೇಕು. ಪ್ರತಿಕಾಯದಿಂದ ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಿಂದ ಕಿಣ್ವದ ಪ್ರೋಟೀನನ್ನು ಅಳೆದು, ಚಟುವಟಿಕೆಯನ್ನು ಅದರಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಮ್ಯಾಂಗನೀಸ್ ಡಿಸ್ಮ್ಯುಟೇಸಿನಲ್ಲಿ 34ನೆಯ ಟೈರೋಸಿನ್‌ಗೆ ಉರಿಯೂತದಲ್ಲಿ ಹುಟ್ಟುವ ಪೆರಾಕ್ಸಿನೈಟ್ರೈಟ್‌ನಿಂದ ನೈಟ್ರೋ ಗುಂಪು ಸೇರಿದರೆ ಪ್ರೋಟೀನ್ ಇದ್ದೂ ಚಟುವಟಿಕೆ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಬ್ಲಾಟ್ ಮಾತ್ರ ಮಾಡಿದವರೂ ಚಟುವಟಿಕೆ ಮಾತ್ರ ಅಳೆದವರೂ ಬೇರೆ ಬೇರೆ ತೀರ್ಮಾನಕ್ಕೆ ಬರುತ್ತಾರೆ.

ಉಳಿದ ಕಿಣ್ವಗಳು

ಡಿಸ್ಮ್ಯುಟೇಸನ್ನು ಅಳೆಯಲು, ಪೈರೋಗ್ಯಾಲಾಲ್ ಎಂಬ ರಾಸಾಯನಿಕ ತಾನಾಗಿ ಉತ್ಕರ್ಷಣಗೊಳ್ಳುವುದನ್ನು ಅದು ಎಷ್ಟು ತಡೆಯುತ್ತದೆಂದು 420 ನ್ಯಾನೋಮೀಟರ್‌ನಲ್ಲಿ ನೋಡುವ ವಿಧಾನವೂ, ಗ್ಲುಟಾಥಯೋನ್ ಪೆರಾಕ್ಸಿಡೇಸಿಗೆ 340 ನ್ಯಾನೋಮೀಟರ್‌ನಲ್ಲಿ ಎನ್‌ಎಡಿಪಿಎಚ್ ಇಳಿಯುವುದನ್ನು ನೋಡುವ ವಿಧಾನವೂ ಸಾಕು.

ಮೆಟಲೋಪ್ರೋಟಿನೇಸ್‌ಗಳಿಗೆ ಹೆಚ್ಚು ಎಚ್ಚರ ಬೇಕು. 1996ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್ ಮತ್ತು ಸಂಗಡಿಗರು, ಚರ್ಮವನ್ನು ಕೆಂಪಾಗಿಸಲೂ ಸಾಲದಷ್ಟು ಕಡಿಮೆ ಯುವಿ-ಬಿ ಕಿರಣದಿಂದಲೇ ಮನುಷ್ಯರ ಚರ್ಮದಲ್ಲಿ ಈ ಕಿಣ್ವಗಳು ಹೆಚ್ಚುವುದನ್ನು ತೋರಿಸಿದರು. ಬಿಸಿಲಿಗೆ ಚರ್ಮ ಮುಪ್ಪಾಗುವುದರ ಅರಿವು ಅಲ್ಲಿಂದ ಬಹಳ ಮುಂದೆ ಹೋಯಿತು. ಇವುಗಳನ್ನು ನೋಡಲು, ಜೆಲಾಟಿನನ್ನೂ ಎಸ್‌ಡಿಎಸ್ ಎಂಬ ಮಾರ್ಜಕವನ್ನೂ ಬೆರೆಸಿದ ಜೆಲ್‌ನಲ್ಲಿ ಮಾದರಿಯನ್ನು ಕುದಿಸದೆ, ಮರ್ಕ್ಯಾಪ್ಟೊಎಥನಾಲ್ ಹಾಕದೆ ಓಡಿಸಿ, 2.5 ಶೇಕಡಾ ಟ್ರೈಟಾನ್‌ನಿಂದ ಎಸ್‌ಡಿಎಸ್ ತೊಳೆದು, ಕ್ಯಾಲ್ಸಿಯಂ ಮತ್ತು ಸತು ಇರುವ ಟ್ರಿಸ್ ಬಫರಿನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬಣ್ಣ ಹಾಕಿದರೆ ನೀಲಿ ಹಿನ್ನೆಲೆಯಲ್ಲಿ 92 ಮತ್ತು 72 ಕಿಲೋಡಾಲ್ಟನ್ ಜಾಗಗಳಲ್ಲಿ ಕಿಣ್ವ ಜೆಲಾಟಿನನ್ನು ಒಡೆದ ಕಡೆ ಬಿಳಿ ಪಟ್ಟಿಗಳು ಕಾಣುತ್ತವೆ. ಇವುಗಳಿಗೆ ಲೋಹ ಬೇಕಾದ್ದರಿಂದ ಅರೆಯುವ ಬಫರಿನಲ್ಲಿ ಲೋಹವನ್ನು ಸೆಳೆದುಕೊಳ್ಳುವ ಇಡಿಟಿಎ ಇರಕೂಡದು. ಎಸ್‌ಡಿಎಸ್ ಸುಪ್ತ ರೂಪದ ಕಿಣ್ವವನ್ನೂ ಎಚ್ಚರಿಸುವುದರಿಂದ ಪಟ್ಟಿ ದಪ್ಪವಾಗಿದೆ ಎಂದ ಮಾತ್ರಕ್ಕೆ ಚರ್ಮದೊಳಗೆ ಅದು ಕೆಲಸ ಮಾಡುತ್ತಿತ್ತೆಂದು ಹೇಳಲಾಗದು.

ಪ್ರಾಣಿಗಳಿಲ್ಲದೆ ಕೆಲಸ ಮಾಡಬಯಸುವವರು ಸಂವರ್ಧನೆಯಲ್ಲಿ ಬೆಳೆಸುವ ಹ್ಯಾಕ್ಯಾಟ್ ಎಂಬ ಮನುಷ್ಯ ಚರ್ಮದ ಜೀವಕೋಶಗಳತ್ತ ಹೋಗುತ್ತಾರೆ. ಡಿಎನ್‌ಎ ಹಾನಿಗೆ ಜೀವಕೋಶದ ಪ್ರತಿಕ್ರಿಯೆಯನ್ನು ನಿಯಂತ್ರಿಸುವ ಅವುಗಳ ಪಿ53 ಜೀನ್‌ನಲ್ಲಿ ಮೊದಲೇ ರೂಪಾಂತರಗಳಿರುವುದರಿಂದ ವಿಕಿರಣಕ್ಕೆ ಅವು ಕೊಡುವ ಪ್ರತಿಕ್ರಿಯೆ ಸಹಜ ಚರ್ಮದ್ದಲ್ಲ. ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯಲ್ಲಿ ಉಳಿಯುವ ಮನುಷ್ಯ ಚರ್ಮವನ್ನು ನೀತಿ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಸಮ್ಮತಿಯೊಂದಿಗೆ ಬಳಸುವುದು ಇದಕ್ಕಿಂತ ಮೇಲು. ಈ ಅಳತೆಗಳನ್ನು ಆಧರಿಸಿ ರೇಡಿಯೋಥೆರಪಿ ಪಡೆಯುತ್ತಿರುವವರಿಗೆ ಯಾವುದೇ ಕ್ರೀಮನ್ನಾಗಲಿ ಮಾತ್ರೆಯನ್ನಾಗಲಿ ಸೂಚಿಸುವ ಸಾಲನ್ನು ಪ್ರಬಂಧದ ಕೊನೆಗೆ ಸೇರಿಸಬೇಡಿ. ಆ ತೀರ್ಮಾನ ರೋಗಿಗಳಲ್ಲೇ ನಡೆಸಿದ ಪರೀಕ್ಷೆಗಳಿಂದ ಬರಬೇಕಾದದ್ದು.

ವರದಿಯಲ್ಲಿ ಕಿರಣದ ಬಗೆ ಮತ್ತು ಶಕ್ತಿ, ಡೋಸ್, ಡೋಸ್ ದರ, ಕ್ಷೇತ್ರದ ಅಳತೆ, ಮೇಲಿಟ್ಟ ಪದರದ ದಪ್ಪ, ಅತಿನೇರಳೆಯಾದರೆ ದೀಪದ ರೋಹಿತ ಮತ್ತು ಸೋಸುವ ಹಾಳೆ, ಇಲಿಯ ತಳಿ, ವಯಸ್ಸು, ರೋಮದ ಹಂತ, ಮಾದರಿ ತೆಗೆದ ಹೊತ್ತು ಇಷ್ಟೂ ಇರಬೇಕು. ಸಂಖ್ಯಾಶಾಸ್ತ್ರದಲ್ಲಿ ಒಂದು ಇಲಿ ಎಂದರೆ ಒಂದು ಮಾದರಿ. ಒಂದೇ ಹೋಮೋಜಿನೇಟನ್ನು ಮೂರು ಬಾರಿ ಅಳೆದು ಮೂರು ಎಂದು ಲೆಕ್ಕ ಹಾಕಬಾರದು, ಆ ಮೂರರ ಸರಾಸರಿಯನ್ನು ಒಂದೇ ಅಂಕಿಯಾಗಿ ಕೋಷ್ಟಕಕ್ಕೆ ಬರೆಯಬೇಕು.